ವ್ಯಕ್ತಿಯ ಗುರುತು ಮತ್ತು ಗುಂಪಿನ ‘ನಾವು’: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪರಿಸರದ ಕನ್ನಡವನ್ನು ಕುರಿತು

ಸಾರ

ವ್ಯಕ್ತಿಯ ಗುರುತು ಗುಂಪಿನ ನಡೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಯನ್ನು ಸಮಾಜಮನೋವಿಜ್ಞಾನವು ನಿಷ್ಠೆ, ಪೂರ್ವಗ್ರಹಗಳ ನೆಲೆಯಲ್ಲಿ ಚರ್ಚಿಸುತ್ತ ಬಂದಿದೆ. ಪ್ರಸ್ತುತ ಲೇಖನವು ಅದೇ ಪ್ರಶ್ನೆಯನ್ನು ವ್ಯಾಕರಣದ ನೆಲೆಯಲ್ಲಿ ಎತ್ತುತ್ತದೆ. ಕನ್ನಡದ ‘ನಾವು’ ಕೇಳುಗರನ್ನು ಒಳಗೊಳ್ಳುತ್ತದೆಯೇ ಇಲ್ಲವೇ ಎಂಬುದನ್ನು ರೂಪದಲ್ಲಿ ಸೂಚಿಸುವುದಿಲ್ಲ. ಆ ಕೊರತೆಯನ್ನು ಹಾವೇರಿ ಸೀಮೆಯ ಆಡುಮಾತು ಅಡ್ಡಹೆಸರು, ಹೆಸರಿನ ರೂಪಭೇದ ಹಾಗೂ ‘-ರಿ’ ಎಂಬ ಗೌರವಸೂಚಕದ ಮೂಲಕ ತುಂಬಿಕೊಳ್ಳುತ್ತದೆ. ಇದರಿಂದಾಗಿ ಯಾರ ‘ನಾವು’ ಎಲ್ಲರ ಮಾತಾಗಿ ಕೇಳಿಸುತ್ತದೆ, ಯಾರದು ಅವರ ಜಾತಿಯ ಅಥವಾ ಓಣಿಯ ಮಾತಾಗಿಯೇ ಉಳಿಯುತ್ತದೆ ಎಂಬುದು ವ್ಯಕ್ತಿಯ ಗುರುತಿನಿಂದ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಇಲ್ಲಿಯ ವಾದ.

ಮುಖ್ಯ ಪದಗಳು: ಉತ್ತಮಪುರುಷ ಬಹುವಚನ, ಅಡ್ಡಹೆಸರು, ಗೌರವಸೂಚಕ, ಸಂಬೋಧನೆ, ಹಾವೇರಿ ಕನ್ನಡ

1. ಪ್ರಶ್ನೆ

ಊರಿನ ಸಭೆಯೊಂದರಲ್ಲಿ ಒಬ್ಬರು ಎದ್ದು ನಿಂತು ‘ನಮಗೆ ನೀರು ಬರುತ್ತಿಲ್ಲ’ ಎಂದರೆ ಆ ‘ನಮಗೆ’ ಎಂಬುದರೊಳಗೆ ಯಾರು ಯಾರಿದ್ದಾರೆ? ಅವರ ಮನೆಯವರೋ, ಓಣಿಯವರೋ, ಜಾತಿಯವರೋ, ಇಡೀ ಊರಿನವರೋ? ವಾಕ್ಯದೊಳಗೆ ಇದಕ್ಕೆ ಉತ್ತರವಿಲ್ಲ. ಕೇಳುವವರು ಅದನ್ನು ಬೇರೆಡೆಯಿಂದ ತಂದುಕೊಳ್ಳುತ್ತಾರೆ: ಮಾತನಾಡಿದವರ ಅಡ್ಡಹೆಸರಿನಿಂದ, ಸಭೆಯು ಅವರನ್ನು ಕರೆಯುವ ರೀತಿಯಿಂದ, ಅವರು ಯಾರಿಗೆ ‘ರಿ’ ಹಚ್ಚಿ ಮಾತನಾಡುತ್ತಾರೆ ಮತ್ತು ಅವರಿಗೆ ಯಾರು ಹಚ್ಚುತ್ತಾರೆ ಎಂಬುದರಿಂದ. ಹಾಗೆ ತಂದುಕೊಂಡ ಉತ್ತರವೇ ಅಹವಾಲಿನ ಗತಿಯನ್ನು ನಿರ್ಧರಿಸುತ್ತದೆ. ಊರಿನ ಸಮಸ್ಯೆಯೆಂದು ಕೇಳಿಸಿದ ಮಾತು ಠರಾವಾಗಬಹುದು. ಒಂದು ಓಣಿಯ ತಕರಾರೆಂದು ಕೇಳಿಸಿದ ಮಾತು ಮುಂದಿನ ಸಭೆಗೆ ಸರಿಯಬಹುದು.

ಹೆನ್ರಿ ತಾಜ್ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಗುರುತಿನ ಸಿದ್ಧಾಂತದ ಪ್ರಕಾರ, ವ್ಯಕ್ತಿಯು ತನ್ನನ್ನು ಒಂದು ಗುಂಪಿನ ಸದಸ್ಯನೆಂದು ಕಂಡುಕೊಂಡಾಗ ಸ್ವಗುಂಪಿನ ಪರವಾದ ಒಲವು ತಾನಾಗಿ ಹುಟ್ಟುತ್ತದೆ. ಆದರೆ ಆ ಸದಸ್ಯತ್ವವು ಮಾತಿನಲ್ಲಿ ಹೇಗೆ ಘೋಷಿತವಾಗುತ್ತದೆ, ಹೇಗೆ ನಿರಾಕೃತವಾಗುತ್ತದೆ ಎಂಬುದು ಆ ಸಿದ್ಧಾಂತದ ಕೇಂದ್ರ ವಿಷಯವಲ್ಲ. ಲ ಪಾಜ್ ಮತ್ತು ತಬುರೆ-ಕೆಲ್ಲರ್ ಅವರ 1985ರ ಗ್ರಂಥವು ಪ್ರತಿಯೊಂದು ನುಡಿಯನ್ನೂ ಗುರುತಿನ ಒಂದು ಕ್ರಿಯೆಯೆಂದು ಪರಿಗಣಿಸಿ ಈ ಕೊರತೆಯತ್ತ ಗಮನ ಸೆಳೆಯಿತು. ಪ್ರಸ್ತುತ ಲೇಖನವು ಆ ದಾರಿಯಲ್ಲಿಯೇ ಸಾಗಿ, ಗುರುತಿನ ಕ್ರಿಯೆಗೆ ಕನ್ನಡದ ರೂಪವ್ಯವಸ್ಥೆಯು ಒದಗಿಸುವ ಸಾಧನಗಳನ್ನು ವಿವರಿಸುತ್ತದೆ.

ವಿವರಣೆಗೆ ಆಯ್ದುಕೊಂಡದ್ದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳ ಸುತ್ತಲಿನ ಕನ್ನಡ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಪ್ರದೇಶವು ಧಾರವಾಡ ಜಿಲ್ಲೆಯ ದಕ್ಷಿಣ ಭಾಗವಾಗಿತ್ತು. ಆಡುಮಾತೂ ಸ್ಥೂಲವಾಗಿ ಧಾರವಾಡ ಕನ್ನಡದ್ದೇ. ಧಾರವಾಡ ಕನ್ನಡದಲ್ಲಿ ಸಾಮಾಜಿಕ ಉಪಭಾಷೆಗಳ ಭೇದವನ್ನು ವಿಲಿಯಂ ಮೆಕ್‌ಕಾರ್ಮ್ಯಾಕ್ 1960ರಲ್ಲಿಯೇ ಗುರುತಿಸಿದ್ದರು. ಅವರ ಗಮನವಿದ್ದದ್ದು ಗುಂಪುಗಳ ನಡುವಣ ಭಾಷಾಭೇದದ ಮೇಲೆ. ನಮ್ಮ ಗಮನವಿರುವುದು ಒಂದೇ ಗುಂಪಿನೊಳಗೆ ವ್ಯಕ್ತಿಗಳ ಗುರುತು ಮಾಡುವ ಕೆಲಸದ ಮೇಲೆ. ಕೆಳಗಿನ ಸಂಖ್ಯಾಂಕಿತ ಉದಾಹರಣೆಗಳು ವಿವರಣೆಗಾಗಿ ರಚಿಸಿದ ಮಾದರಿ ವಾಕ್ಯಗಳು, ಧ್ವನಿಮುದ್ರಿತ ಸಾಮಗ್ರಿಯಲ್ಲ.

2. ‘ನಾವು’: ರೂಪ ಒಂದು, ವ್ಯಾಪ್ತಿ ಹಲವು

‘ನಾವು’ ಎಂಬುದು ‘ನಾನು’ ಎಂಬುದರ ಬಹುವಚನವೆಂದು ಶಾಲಾ ವ್ಯಾಕರಣ ಕಲಿಸುತ್ತದೆ. ಆದರೆ ‘ಮರಗಳು’ ಹಲವು ಮರಗಳಾಗಿರುವಂತೆ ‘ನಾವು’ ಹಲವು ‘ನಾನು’ಗಳಲ್ಲ. ಮಾತನಾಡುವ ಒಬ್ಬನೂ ಅವನೊಡನೆ ಸೇರಿದ ಬೇರೆಯವರೂ ಕೂಡಿ ‘ನಾವು’ ಆಗುತ್ತದೆ. ಎಮಿಲ್ ಬೆನ್‌ವೆನಿಸ್ತ್ ಸ್ಪಷ್ಟಪಡಿಸಿದ ಈ ಅಂಶವು ಡಿ.ಎನ್. ಶಂಕರ ಭಟ್ಟರ ಸರ್ವನಾಮಗಳ ಅಧ್ಯಯನದಲ್ಲಿಯೂ (2004) ಮುಖ್ಯವಾದದ್ದು. ಹಾಗಾದರೆ ‘ಸೇರಿದ ಬೇರೆಯವರು’ ಯಾರು ಎಂಬ ಪ್ರಶ್ನೆ ಸರ್ವನಾಮದ ಅರ್ಥದೊಳಗೇ ಅಡಗಿದೆ.

ಮೂಲದ್ರಾವಿಡದಲ್ಲಿ ಕೇಳುಗರನ್ನು ಒಳಗೊಳ್ಳುವ ಮತ್ತು ಹೊರಗಿಡುವ ಎರಡು ಪ್ರತ್ಯೇಕ ರೂಪಗಳಿದ್ದವೆಂಬುದು ಪುನಾರಚನೆಯಿಂದ ತಿಳಿಯುತ್ತದೆ. ತೆಲುಗಿನ ಮನಮು–ಮೇಮು, ತಮಿಳಿನ ನಾಂ–ನಾಂಗಳ್, ಮಲಯಾಳದ ನಮ್ಮಳ್–ಞಙ್ಙಳ್, ತುಳುವಿನ ನಮ–ಎಂಕುಳು ಜೋಡಿಗಳು ಈ ಭೇದವನ್ನು ಇಂದಿಗೂ ಉಳಿಸಿಕೊಂಡಿವೆ. ದ್ರಾವಿಡವಲ್ಲದ ನೆರೆಯ ಮರಾಠಿಯಲ್ಲಿಯೂ ಆಪಣ–ಆಮ್ಹೀ ಎಂಬ ಜೋಡಿಯಿದೆ. ಸುತ್ತಲಿನ ಭಾಷೆಗಳು ಇಟ್ಟುಕೊಂಡ ಭೇದವನ್ನು ಕನ್ನಡ ಸರ್ವನಾಮದಲ್ಲಿ ಬಿಟ್ಟುಕೊಟ್ಟಿದೆ.

ಆದರೂ ಭೇದವು ಭಾಷೆಯಿಂದ ಪೂರ್ತಿಯಾಗಿ ಮಾಯವಾಗಿಲ್ಲ. ಈ ಎರಡು ವಾಕ್ಯಗಳನ್ನು ಹೋಲಿಸಬಹುದು:

(1) ನಾವು ನಾಳೆ ಬ್ಯಾಡಗಿಗೆ ಹೋಗ್ತೀವ್ರಿ.
(2) ನಾವು ನಾಳೆ ಬ್ಯಾಡಗಿಗೆ ಹೋಗೂಣ್ರಿ.

ಎರಡರಲ್ಲಿಯೂ ಕರ್ತೃ ‘ನಾವು’. ಮೊದಲನೆಯದು ಕೇಳುಗರಿಗೆ ಸುದ್ದಿ ಮುಟ್ಟಿಸುವ ವಾಕ್ಯ. ಸಾಮಾನ್ಯ ಸನ್ನಿವೇಶದಲ್ಲಿ ಹೋಗುವವರಲ್ಲಿ ಕೇಳುಗರು ಇಲ್ಲ. ಎರಡನೆಯದರಲ್ಲಿ ಕೇಳುಗರು ಇರಲೇಬೇಕು. ಅಂದರೆ ಸರ್ವನಾಮ ಕಳೆದುಕೊಂಡ ಭೇದವನ್ನು ‘-ಓಣ/-ಊಣ’ ಎಂಬ ಕ್ರಿಯಾಪ್ರತ್ಯಯವು ಪ್ರೇರಣಾರ್ಥದ ಮಟ್ಟಿಗೆ ಕಾಯ್ದುಕೊಂಡಿದೆ. ಇದರ ಹೊರಗೆ ಒಳಗೊಳ್ಳುವಿಕೆಯನ್ನು ಸ್ಪಷ್ಟಪಡಿಸಬೇಕಾದರೆ ‘ನಾವೂ ನೀವೂ ಕೂಡಿ’, ‘ನಾವೆಲ್ಲಾರೂ’ ಎಂಬಂಥ ನುಡಿಗಟ್ಟುಗಳೇ ಬೇಕು. ಹೊರಗಿಡುವಿಕೆಗೆ ‘ನಮ್ಮ ಮಂದಿ’ ಸಾಲುತ್ತದೆ. ಈ ‘ಮಂದಿ’ ಪದದ ನಡೆ ಗಮನಾರ್ಹ: ‘ನಮ್ಮ’ ಎಂಬ ವಿಶೇಷಣವಿದ್ದಾಗ ಅದು ಒಳಗಿನವರನ್ನು, ಏನೂ ಇಲ್ಲದಾಗ, ಉದಾಹರಣೆಗೆ ‘ಮಂದಿ ಏನಂತಾರ’ ಎನ್ನುವಾಗ, ತೀರ್ಪು ಕೊಡುವ ಹೊರಗಿನವರನ್ನು ಸೂಚಿಸುತ್ತದೆ.

ಒಳಗೊಳ್ಳುವಿಕೆಯು ಬೇಡಿಕೆ ಅಥವಾ ಆಹ್ವಾನದ ವಾಕ್ಯದಲ್ಲಿ ಕಡ್ಡಾಯ, ಹೇಳಿಕೆಯ ವಾಕ್ಯದಲ್ಲಿ ಅನಿರ್ದಿಷ್ಟ ಎಂಬುದು ಮುಂದಿನ ವಾದಕ್ಕೆ ಆಧಾರ. ಅಹವಾಲುಗಳು ಸಾಮಾನ್ಯವಾಗಿ ಹೇಳಿಕೆಯ ರೂಪದಲ್ಲಿಯೇ ಸಭೆಗೆ ಬರುತ್ತವೆ. ವ್ಯಾಪ್ತಿಯನ್ನು ವ್ಯಾಕರಣ ಹೇಳದಿರುವ ಕಡೆಯಲ್ಲಿಯೇ ಮಾತನಾಡುವ ವ್ಯಕ್ತಿಯ ಗುರುತು ಅರ್ಥವನ್ನು ತುಂಬುತ್ತದೆ.

3. ಅಡ್ಡಹೆಸರು: ವ್ಯಕ್ತಿಗೆ ಅಂಟಿದ ಗುಂಪು

ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಸೀಮೆಯಲ್ಲಿ ಪೂರ್ಣ ಹೆಸರಿಗೆ ಮೂರು ಸ್ಥಾನಗಳಿವೆ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹಾವೇರಿ ಭಾಗದ ಕಾದಂಬರಿಕಾರ ಗಳಗನಾಥರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ ಎಂದಿರುವುದು ಈ ಕ್ರಮಕ್ಕೆ ಒಳ್ಳೆಯ ಮಾದರಿ. ವಿವಾಹಿತ ಮಹಿಳೆಯರ ಹೆಸರಿನಲ್ಲಿ ಎರಡನೆಯ ಸ್ಥಾನ ಗಂಡನ ಹೆಸರಿಗೂ ಮೂರನೆಯದು ಅವನ ಅಡ್ಡಹೆಸರಿಗೂ ಹೋಗುವುದು ರೂಢಿ. ರಾಣೇಬೆನ್ನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಹರಿಹರವು 1956ರ ಏಕೀಕರಣಕ್ಕೆ ಮೊದಲೇ ಮೈಸೂರಿಗೆ ಸೇರಿತ್ತು. ಹಳೆಯ ಮೈಸೂರಿನ ರೂಢಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ನಿಂತು, ಸ್ವಂತ ಹೆಸರು ಕೊನೆಗೆ ಬರುತ್ತದೆ. ಒಂದು ಪದ್ಧತಿಯಲ್ಲಿ ಮನೆತನ ಬಿಚ್ಚಿಟ್ಟ ಪದ. ಇನ್ನೊಂದರಲ್ಲಿ ಅದು ಮುಚ್ಚಿದ ಅಕ್ಷರ.

ಅಡ್ಡಹೆಸರುಗಳ ರೂಪರಚನೆಯೇ ಗುಂಪಿನ ಸಂಬಂಧವನ್ನು ಹೇಳುತ್ತದೆ. ‘ಬೆಲ್ಲದ’, ‘ಮಠದ’ ಮುಂತಾದವು ನಪುಂಸಕ ನಾಮಪದದ ಷಷ್ಠೀರೂಪಗಳು. ‘ಗೌಡರ’, ‘ಶೆಟ್ಟರ’ ಮುಂತಾದವು ಮಾನವವಾಚಿ ಬಹುವಚನದ ಷಷ್ಠೀರೂಪಗಳು. ‘ಗೌಡರ’ ಎಂದರೆ ಗೌಡರ ಮನೆಯ, ಗೌಡರಿಗೆ ಸೇರಿದ ಎಂದರ್ಥ. ಸೇರಿದ್ದೇನೆಂದು ಹೇಳುವ ವಿಭಕ್ತಿಯೇ ಇಲ್ಲಿ ಹೆಸರಾಗಿ ನಿಂತಿದೆ. ಅರ್ಥದ ದೃಷ್ಟಿಯಿಂದ ಅಡ್ಡಹೆಸರುಗಳಲ್ಲಿ ಮೂರು ಬಗೆಗಳನ್ನು ಕಾಣಬಹುದು: ಊರಿನಿಂದ ಬಂದವು (ಹಾವೇರಿ, ಬ್ಯಾಡಗಿ, ಹಾವನೂರ), ಸರಕು ಅಥವಾ ವ್ಯಾಪಾರದಿಂದ ಬಂದವು (ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ), ಹುದ್ದೆ ಅಥವಾ ಕಸುಬಿನಿಂದ ಬಂದವು (ಕುಲಕರ್ಣಿ, ಪಾಟೀಲ, ತಳವಾರ, ಬಡಿಗೇರ, ಕಮ್ಮಾರ, ಹಡಪದ). ಊರಿನ ಹೆಸರು ಜಾತಿಯನ್ನು ಹೇಳದೆ ಉಳಿಯಬಲ್ಲದು. ಕಸುಬಿನ ಹೆಸರಿಗೆ ಅದು ಸಾಧ್ಯವಿಲ್ಲ. ಕುಲಕರ್ಣಿ ಎಂಬ ಹುದ್ದೆಯ ಹೆಸರನ್ನು ಹಿಂದಿರಿಸಿ ಊರಿನ ಹೆಸರಿನಿಂದಲೇ ಓದುಗರಿಗೆ ಪರಿಚಿತರಾದ ಗಳಗನಾಥರ ಉದಾಹರಣೆಯನ್ನು ಈ ಬೆಳಕಿನಲ್ಲಿ ನೋಡಬಹುದು. 1972ರಲ್ಲಿ ನೇಮಕಗೊಂಡ ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ವರದಿ ಸಲ್ಲಿಸಿದ ಎಲ್.ಜಿ. ಹಾವನೂರರ ಅಡ್ಡಹೆಸರೂ ಊರಿನದೇ. ಜಾತಿನಾಮಗಳನ್ನು ಪಟ್ಟಿಮಾಡುವ ಹೊಣೆ ಹೊತ್ತ ಆ ವರದಿ ಇಂದಿಗೂ ಜಾತಿಯನ್ನು ಹೇಳದ ಒಂದು ಹೆಸರಿನಿಂದಲೇ, ಹಾವನೂರ ವರದಿ ಎಂದೇ, ಪ್ರಸಿದ್ಧವಾಗಿದೆ.

ಹೆಸರು ಕೇವಲ ಗುರುತಿನ ಚೀಟಿಯಲ್ಲ ಎಂಬುದಕ್ಕೆ ‘ತಳವಾರ’ ಎಂಬ ಪದವೇ ಸಾಕ್ಷಿ. ಮೂಲತಃ ಅದು ಊರು ಕಾಯುವ ಹುದ್ದೆ. ಹುದ್ದೆಯಿಂದ ಅಡ್ಡಹೆಸರಾಯಿತು, ಕೆಲವೆಡೆ ಸಮುದಾಯದ ಹೆಸರೂ ಆಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಪರ್ಯಾಯಪದಗಳಾಗಿ ‘ಪರಿವಾರ’, ‘ತಳವಾರ’ ಸೇರಿದವು. ಅನಂತರ ಉತ್ತರ ಕರ್ನಾಟಕದಲ್ಲಿ, ಈ ಹೆಸರನ್ನು ಹೊತ್ತ ಯಾರು ಪಟ್ಟಿಯ ಒಳಗೆ, ಯಾರು ಹೊರಗೆ ಎಂಬ ವಿವಾದ ಎದ್ದಿತು. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಒಂದೇ ರೂಪಕ್ಕೆ ಮೂರು ಸೂಚಿತಗಳಿರುವ ಪ್ರಸಂಗ: ಹುದ್ದೆ, ಮನೆತನ, ಪಂಗಡ. ಆಡುವವರಿಗೆ ಇದು ಪರಿಭಾಷೆಯ ವಿಷಯವಲ್ಲ. ಒಂದು ಪ್ರಮಾಣಪತ್ರದ, ಒಂದು ಶಾಲಾ ಸೀಟಿನ, ಒಂದು ನೌಕರಿಯ ವಿಷಯ.

4. ಗೌರವದ ಬಹುವಚನ ಮತ್ತು ‘-ರಿ’

ಉತ್ತಮಪುರುಷದಲ್ಲಿ ವ್ಯಾಪ್ತಿ ಅನಿರ್ದಿಷ್ಟವಾದರೆ, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಸಂಖ್ಯೆಯೇ ಅನಿರ್ದಿಷ್ಟ. ಕನ್ನಡದಲ್ಲಿ ಗೌರವವು ಬಹುವಚನದ ರೂಪವನ್ನು ತೊಡುತ್ತದೆ.

(3) ಬರ್ರಿ.
(4) ಬ್ಯಾಡಗಿಯವ್ರು ಬಂದಾರ್ರಿ.

(3) ಒಬ್ಬ ಗೌರವಾನ್ವಿತ ವ್ಯಕ್ತಿಗೂ ಹಲವರಿಗೂ ಸಲ್ಲುತ್ತದೆ. ಬಹುತ್ವವನ್ನು ಗೌರವದಿಂದ ಬಿಡಿಸಿ ತೋರಿಸಬೇಕಾದಾಗ ‘ಬರ್ರಲೇ’ ಎಂಬಲ್ಲಿರುವಂತೆ ‘ಲೇ’ ಸೇರುತ್ತದೆ. ಅದರೊಡನೆ ಸಲಿಗೆ ಅಥವಾ ತಿರಸ್ಕಾರವೂ ಬರುತ್ತದೆ. (4) ಎಂಬುದಕ್ಕೆ ಕನಿಷ್ಠ ಮೂರು ಅರ್ಥಗಳಿವೆ: ಬ್ಯಾಡಗಿ ಊರಿನ ಹಲವರು ಬಂದಿದ್ದಾರೆ, ಬ್ಯಾಡಗಿಯ ಒಬ್ಬ ಗೌರವಾನ್ವಿತರು ಬಂದಿದ್ದಾರೆ, ಬ್ಯಾಡಗಿ ಎಂಬ ಅಡ್ಡಹೆಸರಿನವರು ಬಂದಿದ್ದಾರೆ. ಗೌರವಕ್ಕೆ ಪಾತ್ರನಾದ ಒಬ್ಬ ವ್ಯಕ್ತಿ ಮತ್ತು ಒಂದು ಗುಂಪು ವ್ಯಾಕರಣದ ಕಣ್ಣಿಗೆ ಒಂದೇ. ಇದಕ್ಕೆ ಪ್ರತಿಯಾಗಿ ಏಕವಚನದಲ್ಲಿ ಕರೆಸಿಕೊಳ್ಳುವವರು ವ್ಯಾಕರಣದ ಲೆಕ್ಕದಲ್ಲಿ ಒಬ್ಬರೇ ಆಗಿ ಉಳಿಯುತ್ತಾರೆ.

‘-ರಿ’ ಕೇವಲ ಆಜ್ಞಾರ್ಥದ ಪ್ರತ್ಯಯವಲ್ಲ. ‘ಮಳಿ ಬಂತ್ರಿ’, ‘ಹೌದ್ರಿ’, ‘ಯಾವಾಗ್ರಿ’ ಎಂಬಲ್ಲಿ ಅದು ಕ್ರಿಯಾಪದ, ಅವ್ಯಯ, ಪ್ರಶ್ನಪದಗಳೆಲ್ಲಕ್ಕೂ ಅಂಟುತ್ತದೆ. ಮಳೆ ಬಂದ ಘಟನೆಯಲ್ಲಿ ಕೇಳುಗರಿಗೆ ಯಾವ ಪಾತ್ರವೂ ಇಲ್ಲ. ಆದರೂ ಅವರ ಸ್ಥಾನಮಾನವನ್ನು ವಾಕ್ಯವು ನಮೂದಿಸುತ್ತದೆ. ತಮಿಳಿನ ‘-ಂಗ’ ಇದೇ ಬಗೆಯದು. ಹೀಗಾಗಿ ಈ ಸೀಮೆಯ ಕನ್ನಡದಲ್ಲಿ ಯಾವ ವಿಷಯದ ಮಾತಾದರೂ ಕೇಳುಗರು ಯಾರೆಂಬ ತೀರ್ಮಾನವನ್ನು ಜೊತೆಗೆ ಹೊತ್ತೇ ಸಾಗುತ್ತದೆ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಅಧಿಕಾರ ಮತ್ತು ಆಪ್ತತೆ ಎಂದು ಕರೆದ ಎರಡು ಅಕ್ಷಗಳನ್ನು ಯುರೋಪಿನ ಭಾಷೆಗಳಲ್ಲಿ ಮುಖ್ಯವಾಗಿ ಮಧ್ಯಮಪುರುಷದ ರೂಪಗಳಲ್ಲಿ ಕಾಣಬಹುದು; ಇಲ್ಲಿ ಸರ್ವನಾಮವಿಲ್ಲದ ವಾಕ್ಯದಲ್ಲಿಯೂ ಕಾಣಬಹುದು.

ಸ್ವಂತ ಹೆಸರಿನ ರೂಪಗಳೂ ಇದೇ ಏಣಿಯ ಮೆಟ್ಟಿಲುಗಳು: ನಿಂಗ್ಯಾ, ನಿಂಗಪ್ಪ, ನಿಂಗಪ್ಪನವರು. ಮೊದಲನೆಯದು ಗೆಳೆಯರ ನಡುವೆ ಪ್ರೀತಿ. ಮೇಲಿನವರ ಬಾಯಲ್ಲಿ ಕೀಳ್ಮೆ. ಅದನ್ನು ಪರಸ್ಪರ ಬಳಸಿದರೆ ಆಪ್ತತೆ, ಒಂದೇ ದಿಕ್ಕಿನಲ್ಲಿ ಬಳಸಿದರೆ ಅಧಿಕಾರ. ದಲಿತರ ಹೆಸರುಗಳನ್ನು, ವಯಸ್ಸಿನ ಪರಿವೆಯೂ ಇಲ್ಲದೆ, ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲಿಸಿದ ದೀರ್ಘ ರೂಢಿಯನ್ನು ನೆನೆದರೆ ‘ಅಪ್ಪ’, ‘ಅವ್ವ’, ‘ಅವರು’ ಎಂಬ ಉತ್ತರಪದಗಳಿಗಾಗಿ ನಡೆದ ಹೋರಾಟ ಸಣ್ಣದಲ್ಲವೆಂಬುದು ತಿಳಿಯುತ್ತದೆ.

5. ಮೂರು ಕೂಟಗಳು

5.1 ಮಾರುಕಟ್ಟೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುತ್ತಲಿನ ಜಿಲ್ಲೆಗಳಿಂದಲೂ ಆಂಧ್ರದ ಗಡಿಭಾಗದಿಂದಲೂ ರೈತರು ಬರುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ‘ಬ್ಯಾಡಗಿ’ ಎಂಬ ಪದವು ಊರು, ಮನೆತನ, ಸರಕು ಮೂರಕ್ಕೂ ಹೆಸರು. ರೈತನ ಚೀಲಗಳು ದಲಾಲಿ ಅಂಗಡಿಯ ಮುಂದೆ ಲಾಟ್ ಆಗಿ ನಿಲ್ಲುತ್ತವೆ. ಖರೀದಿದಾರರು ಟೆಂಡರಿನಲ್ಲಿ ದರ ನಮೂದಿಸುವುದು ಆ ಲಾಟಿಗೆ. ದಲಾಲರು ‘ನಮ್ಮ ರೈತರು’ ಎಂದರೆ ತಮ್ಮ ಅಂಗಡಿಗೆ ಮಾಲು ತರುವವರು; ರೈತರು ‘ನಮ್ಮ ದಲಾಲರು’ ಎಂದರೆ ತಮಗೆ ಮುಂಗಡ, ಪರಿಚಯ, ನಂಬಿಕೆ ಒದಗಿಸಿದವರು. ಎರಡೂ ‘ನಮ್ಮ’ಗಳು ಒಂದು ಅಂಗಡಿಯನ್ನು ಇನ್ನೊಂದು ಅಂಗಡಿಯಿಂದ ಬೇರ್ಪಡಿಸುತ್ತವೆ. ಎಲ್ಲಿಯವರೆಗೆ ಈ ಮುಖಪರಿಚಯದ ಗುರುತು ಬಲವಾಗಿರುತ್ತದೋ ಅಲ್ಲಿಯವರೆಗೆ ದರದ ತಕರಾರು ಒಬ್ಬ ರೈತ ಮತ್ತು ಒಂದು ಅಂಗಡಿಯ ನಡುವೆ ಉಳಿಯುತ್ತದೆ.

2024ರ ಮಾರ್ಚ್ 11ರಂದು ದರ ಕುಸಿತದಿಂದ ಆಕ್ರೋಶಗೊಂಡ ರೈತರು ಅಲ್ಲಿಯ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಹೊಣೆಗಾರಿಕೆಯ ವಿಚಾರ ಇಲ್ಲಿ ಪ್ರಸ್ತುತವಲ್ಲ. ಆದರೆ ಟರ್ನರ್ ವಿವರಿಸಿದ, ವೈಯಕ್ತಿಕ ಗುರುತು ಹಿಂದೆ ಸರಿದು ಗುಂಪಿನ ಗುರುತು ಮುಂದೆ ಬರುವ ಪ್ರಕ್ರಿಯೆಗೆ ಇಂಥ ಮಾರುಕಟ್ಟೆಯಲ್ಲಿ ಒಂದು ಭಾಷಿಕ ಪೂರ್ವಸಿದ್ಧತೆ ಇದೆಯೆಂಬುದನ್ನು ಸೂಚಿಸಬಹುದು. ‘ಇಂಥ ಅಂಗಡಿಯ ರೈತ’ ಎಂಬ ಗುರುತು ದರವನ್ನು ಕಾಯಲಾರದಾದಾಗ, ಯಾವ ಷಷ್ಠೀವಿಭಕ್ತಿಯ ಹಂಗೂ ಇಲ್ಲದ ‘ರೈತರು’ ಎಂಬ ಪದವೊಂದೇ ಎಲ್ಲ ಊರಿನವರಿಗೂ, ಎಲ್ಲ ಭಾಷೆಯವರಿಗೂ ಸಲ್ಲುವ ಗುರುತಾಗಿ ಉಳಿಯುತ್ತದೆ.

5.2 ಗ್ರಾಮಸಭೆ ಮತ್ತು ಠರಾವು

ಸಭೆಯಲ್ಲಿ ಮಾತು ಆಡಿದವರಿಗೆ ಹೆಸರು, ಮೆಟ್ಟಿಲು, ಓಣಿ ಎಲ್ಲವೂ ಇರುತ್ತವೆ. ಠರಾವಿನ ಪುಸ್ತಕದಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ವಾಕ್ಯ ಉಳಿಯುತ್ತದೆ. ‘-ಅಲಾಯಿತು’ ಎಂಬ ಕರ್ತೃರಹಿತ ರೂಪವು ‘ನಾವು’ ಎಂಬುದನ್ನೂ ಅಳಿಸುತ್ತದೆ. ಯಾರ ‘ನಾವು’ ಎಂಬ ಪ್ರಶ್ನೆಯನ್ನೂ ಅಳಿಸುತ್ತದೆ. ವ್ಯಕ್ತಿಗಳಾಗಿ ಉಳಿಯುವವರು ಸೂಚಕರು ಮತ್ತು ಅನುಮೋದಕರು ಮಾತ್ರ. ಆದ್ದರಿಂದ ಯಾರ ಹೆಸರು ಈ ಎರಡು ಸ್ಥಾನಗಳಿಗೆ ಬರುತ್ತದೆ ಎಂಬುದು ಸಂಶೋಧಕರು ಎಣಿಸಿ ನೋಡಬಹುದಾದ ಸಾಕ್ಷ್ಯ. 1993ರ ಪಂಚಾಯತ್ ರಾಜ್ ಅಧಿನಿಯಮವು ಮೀಸಲಾತಿಯ ಮೂಲಕ ಎಲ್ಲರಿಗೂ ‘ಸದಸ್ಯರು’ ಎಂಬ ಗೌರವ ಬಹುವಚನವನ್ನು ಕೊಟ್ಟಿದೆ. ಅದೇ ಸದಸ್ಯರನ್ನು ಸಭೆಯ ಮಾತು ‘ನೀ’ ಎಂದು ಕರೆದರೆ ಕಾಯಿದೆಯ ವ್ಯಾಕರಣವೂ ಓಣಿಯ ವ್ಯಾಕರಣವೂ ಮುಖಾಮುಖಿಯಾಗುತ್ತವೆ.

5.3 ಸ್ತ್ರೀಶಕ್ತಿ ಗುಂಪು

2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು ಇದಕ್ಕೆ ಬೇರೆ ಬಗೆಯ ಉತ್ತರ ಕೊಡುತ್ತವೆ. ಮನೆಯಲ್ಲಿ ಮತ್ತು ಓಣಿಯಲ್ಲಿ ಮಹಿಳೆಯನ್ನು ಇಂಥವನ ಅವ್ವ, ಇಂಥವರ ಮನೆಯವರು ಎಂದು ಸಂಬಂಧದ ಮೂಲಕ ಸೂಚಿಸುವುದು ಸಾಮಾನ್ಯ. ಗುಂಪಿನ ಉಳಿತಾಯ ಪುಸ್ತಕದಲ್ಲಿ ಅವಳ ಸ್ವಂತ ಹೆಸರು ಬರೆಯಲೇಬೇಕು. ಸಹಿ ಅಥವಾ ಹೆಬ್ಬೆಟ್ಟು ಅವಳದೇ ಆಗಬೇಕು. ಸಾಲದ ಹೊಣೆ ಎಲ್ಲರದು, ಕಂತು ಒಬ್ಬೊಬ್ಬಳದು. ಸದಸ್ಯರು ಪರಸ್ಪರರನ್ನು ‘ಅಕ್ಕಾ’, ‘ಯವ್ವಾ’ ಎಂದು ಕರೆಯುವಾಗ ಅಡ್ಡಹೆಸರು ಹಿಂದೆ ಸರಿಯುತ್ತದೆ. ಇಲ್ಲಿ ಗುಂಪು ನಡೆಯಲು ವ್ಯಕ್ತಿಯ ಹೆಸರು ಅಳಿಯಬೇಕಾಗಿಲ್ಲ. ಹೆಸರು ಬಂದದ್ದರಿಂದಲೇ ಹೊಣೆ ನಿಶ್ಚಿತವಾಗಿ, ‘ನಾವು’ ನಂಬಿಕೆಗೆ ಅರ್ಹವಾಗುತ್ತದೆ.

ಗುಂಪು ಕೂಡಿ ನಡೆಯಲು ಭಿನ್ನ ಗುರುತುಗಳು ಕರಗಲೇಬೇಕೆಂಬ ನಿಯಮವಿಲ್ಲವೆಂಬುದು ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಿದ್ಧ ಅಧ್ಯಯನದಿಂದಲೂ ತಿಳಿಯುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಒಂದನ್ನೊಂದು ತೀರ ಸಮೀಪಿಸಿದ್ದರೂ ಪದಗಳು ಬೇರೆಯಾಗಿಯೇ ಉಳಿದುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಕೂಡಿ ಬಾಳುವ ಅಗತ್ಯ ವ್ಯಾಕರಣವನ್ನು ಒಂದಾಗಿಸಿತು. ಮನೆಯ ಗುರುತು ಪದಗಳನ್ನು ಕಾಯಿತು.

6. ಅಂಕಿತ: ಎರವಲು ಸಿಗುವ ‘ನಾನು’

ಮೇಲಿನ ಮೂರು ಕೂಟಗಳಲ್ಲಿ ‘ನಾವು’ ಎಂಬುದರ ವ್ಯಾಪ್ತಿಗಾಗಿ ಎಳೆದಾಟವಿದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯೊಡನೆ ಬೆಸೆದುಕೊಂಡ ಕನಕದಾಸರ ಕೀರ್ತನೆಗಳು ಹಾಡಲ್ಪಡುವ ಭಜನೆಯ ಕೂಟದಲ್ಲಿ ವ್ಯವಸ್ಥೆ ತಿರುವುಮುರುವು. ಕೀರ್ತನೆಯ ‘ನಾನು’ ಏಕವಚನ, ಹಾಡುವವರು ಹಲವರು. ಕೊನೆಯಲ್ಲಿ ಬರುವ ಅಂಕಿತ ಹಾಡುಗಾರರದೂ ಅಲ್ಲ, ಕವಿಯ ಸ್ವಂತ ಹೆಸರೂ ಅಲ್ಲ. ಅದು ಊರಿನ ದೈವವಾದ ಆದಿಕೇಶವನದು. ಕವಿಯ ಜಾತಿ, ಮನೆತನಗಳನ್ನು ಹೇಳದ ಈ ಹೆಸರಿನಿಂದಾಗಿ ‘ನಾನು’ ಎಂಬುದು ಯಾರು ಬೇಕಾದರೂ ಕುಳಿತು ಆಡಬಹುದಾದ ಖಾಲಿ ಸ್ಥಾನವಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರ ತತ್ತ್ವಪದಗಳಲ್ಲಿಯೂ ಅಂಕಿತವು ಊರಿನ ಒಡೆಯನದೇ. ಅಡ್ಡಹೆಸರು ಒಬ್ಬರ ‘ನಾವು’ ಎಂಬುದನ್ನು ಕಿರಿದಾಗಿಸಬಲ್ಲದಾದರೆ, ಅಂಕಿತವು ಒಬ್ಬರ ‘ನಾನು’ ಎಂಬುದನ್ನು ಹಲವರಿಗೆ ತೆರೆದಿಡುತ್ತದೆ. ಆದರೆ ಈ ಸಮಾನತೆ ಹಾಡಿನ ಅವಧಿಯದು. ಹಾಡು ಮುಗಿದೊಡನೆ ‘ರಿ’ ಮರಳುತ್ತದೆ.

7. ಸಮಾರೋಪ

ಈ ವಿವರಣೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಒಂದು, ಕನ್ನಡದಂತಹ ಭಾಷೆಯಲ್ಲಿ ವ್ಯಕ್ತಿಯ ಗುರುತು ಗುಂಪಿಗೆ ಹೊರಗಿನಿಂದ ಬಂದು ತಾಗುವ ಪ್ರಭಾವವಲ್ಲ. ಗುಂಪಿನ ಎಲ್ಲೆಯನ್ನು ಎಳೆಯಲು ಬಳಕೆಯಾಗುವ ಸಾಮಗ್ರಿಯೇ ಅದು. ಎರಡು, ಗೌರವವು ಬಹುವಚನದಲ್ಲಿರುವುದರಿಂದ ಗುಂಪಿನ ಪರವಾಗಿ ಮಾತನಾಡುವ ಅಧಿಕಾರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಬಹುವಚನದಲ್ಲಿ ಕರೆಸಿಕೊಳ್ಳುವವರ ‘ನಾವು’ ಊರಾಗಿ ಕೇಳಿಸುವುದು ಸುಲಭ. ಏಕವಚನದಲ್ಲಿ ಕರೆಸಿಕೊಳ್ಳುವವರು ಅದಕ್ಕಾಗಿ ‘ನಾವೂ ನೀವೂ ಕೂಡಿ’ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಈ ನಿರ್ಣಯಗಳನ್ನು ಕ್ಷೇತ್ರಕಾರ್ಯದಲ್ಲಿ ಪರೀಕ್ಷಿಸುವುದು ಸಾಧ್ಯ. ಸಭೆಯ ಮಾತನ್ನು ದಾಖಲಿಸುವವರು ‘ನಾವು’ ಬಂದ ಪ್ರತಿ ಪ್ರಯೋಗದಲ್ಲಿ ಆಡಿದವರ ಉದ್ದೇಶವನ್ನೂ ಕೇಳಿದವರ ಗ್ರಹಿಕೆಯನ್ನೂ ಪ್ರತ್ಯೇಕವಾಗಿ ಗುರುತಿಸಬೇಕು. ‘-ರಿ’ ಯಾರಿಂದ ಯಾರಿಗೆ ಹೋಗುತ್ತದೆ, ಮರಳಿ ಬರುತ್ತದೆಯೇ ಎಂಬುದನ್ನು ಬರೆದುಕೊಳ್ಳಬೇಕು. ಒಬ್ಬರ ಹೆಸರು ಸಭೆಯಲ್ಲಿ, ಹಾಜರಿ ಪುಸ್ತಕದಲ್ಲಿ, ಠರಾವಿನಲ್ಲಿ ಯಾವ ಯಾವ ರೂಪ ತಳೆಯುತ್ತದೆ ಎಂಬುದನ್ನು ಹೋಲಿಸಬೇಕು. ಸಂಶೋಧಕರ ಬರವಣಿಗೆಯ ‘ನಾವು’ ಸಹ ಈ ಪರೀಕ್ಷೆಗೆ ಹೊರತಲ್ಲ. ಈ ಲೇಖನದಲ್ಲಿಯೂ ಅದು ಕೆಲವೆಡೆ ಓದುಗರನ್ನು ಒಳಗೊಂಡಿದೆ, ಕೆಲವೆಡೆ ಇಲ್ಲ. ಆದರೆ ನಾವು ಯಾರ ಬಗ್ಗೆ ಬರೆದೆವೋ ಅವರು ಬಹುತೇಕ ಅದರ ಹೊರಗೇ ಇದ್ದಾರೆ. ಹಾವೇರಿ ಸೀಮೆಯ ಸಭೆಗಳ ಮಾತನ್ನು ಆಯಾ ಊರಿನವರೇ ದಾಖಲಿಸಿ ವಿಶ್ಲೇಷಿಸುವ ಕೆಲಸ ಆರಂಭವಾದಾಗ ಮಾತ್ರ ಇಲ್ಲಿಯ ವಾದದ ಬಲಾಬಲ ನಿಶ್ಚಯವಾಗುತ್ತದೆ.